ಗೃಹಪ್ರವೇಶ ಆಗೋಯ್ತು, ಬಾಕಿ 1.42 ಲಕ್ಷ ಮಾತ್ರ ಬರ್ತಿಲ್ಲ: ಏನ್ಮಾಡ್ಬೇಕು?

ಪ್ರಶ್ನೆ: ಸರ್, ನಾನು ತುಮಕೂರಲ್ಲಿ ಕಾರ್ಪೆಂಟರ್. ಒಬ್ಬ ಎಂಜಿನಿಯರ್ ಕಡೆಯಿಂದ ಒಂದು ಹೊಸ ಮನೆ ಇಂಟೀರಿಯರ್ ಕೆಲ್ಸ ಸಿಕ್ತು, ಅಡುಗೆಮನೆ ಮತ್ತೆ ಎರಡು ರೂಮಿನ ವಾರ್ಡ್‌ರೋಬ್, ವಿತ್ ಮೆಟೀರಿಯಲ್. 4.20 ಲಕ್ಷಕ್ಕೆ ವಾಟ್ಸಾಪಲ್ಲಿ ಕೊಟೇಶನ್ ಕಳ್ಸಿದ್ದೆ, ಓಕೆ ಅಂದ್ರು. ಮಧ್ಯದಲ್ಲಿ ಎಕ್ಸ್‌ಟ್ರಾ ಮಾಡ್ಸಿದ್ರು: ದೇವರ ಮನೆ ಬಾಗಿಲು ಮತ್ತೆ ಶೆಲ್ಫ್ 24 ಸಾವಿರ, ಲಾಫ್ಟ್ (ಮೇಲಿನ ಅಟ್ಟದ ಕಪಾಟು) 21 ಸಾವಿರ, ಟಿವಿ ಯೂನಿಟ್ ಒಂದ್ಸಲ ಮಾಡಿದ್ದನ್ನ ಬಿಚ್ಚಿ ದೊಡ್ಡದು ಮಾಡಿದ್ದಕ್ಕೆ 17 ಸಾವಿರ, ಒಟ್ಟು 62 ಸಾವಿರ. ಇಲ್ಲಿವರ್ಗೂ ಬಂದಿರೋದು 3.40 ಲಕ್ಷ, ಅದ್ರಲ್ಲಿ 1 ಲಕ್ಷ ಕ್ಯಾಶ್, ಉಳಿದಿದ್ದು ಫೋನ್‌ಪೇ. ಬಾಕಿ 1.42 ಲಕ್ಷ. ಗೃಹಪ್ರವೇಶ ಆಗಿ ಎರಡು ತಿಂಗಳ ಮೇಲಾಯ್ತು. ಈಗ ಕೇಳಿದ್ರೆ ಶಟರ್ (ಕಪಾಟಿನ ಬಾಗಿಲು) ಸೊಟ್ಟ ಇದೆ, ಲ್ಯಾಮಿನೇಟ್ (ಪ್ಲೈ ಮೇಲೆ ಅಂಟಿಸೋ ಶೀಟ್) ಕಲರ್ ಬೇರೆ, ಲೇಟ್ ಮಾಡಿದ್ದೀಯ, ಲಾಫ್ಟ್ ಅಳತೆ ಜಾಸ್ತಿ ಹಾಕಿದ್ದೀಯ, ನಿನ್ನ ಕೆಲಸದ ಹುಡುಗನ ಕೈಗೆ 15 ಸಾವಿರ ಕೊಟ್ಟಿದ್ದೀನಿ ಅಂತೆಲ್ಲಾ ಹೇಳ್ತಾರೆ. ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ. ಪ್ಲೈವುಡ್ ಅಂಗಡಿಯೋರು ದಿನಾ ಫೋನ್ ಮಾಡ್ತಾರೆ. ಶಟರ್ ಬಿಚ್ಕೊಂಡು ಬಾ ಅಂತ ಕೆಲವ್ರು, ಸ್ಟೇಷನ್‌ಗೆ ಹೋಗು ಅಂತ ಕೆಲವ್ರು ಹೇಳ್ತಿದ್ದಾರೆ. ದಾರಿ ಹೇಳಿ.

ಉತ್ತರ:

ನಮಸ್ಕಾರ ಅಣ್ಣ. ಶಟರ್ ಬಿಚ್ಚೋ ವಿಷ್ಯ ಮೊದ್ಲು ಮುಗಿಸ್ಬಿಡೋಣ. ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅಂತಾರಲ್ಲ, ನಿಮ್ಮ ಪರಿಸ್ಥಿತಿ ಈಗ ಅದೇ, ಹೊಟ್ಟೆ ಉರಿಯೋದು ಸಹಜ. ಆದ್ರೆ ಗೋಡೆಗೆ ಫಿಟ್ ಮಾಡಿ ಮುಗಿಸಿದ ಮೇಲೆ ಆ ವಾರ್ಡ್‌ರೋಬ್ ಅವ್ರ ಮನೇದು, ನಿಮಗೆ ಇರೋದು ದುಡ್ಡು ಕೇಳೋ ಹಕ್ಕು ಮಾತ್ರ. ಅವ್ರು ಬೇಡ ಅಂದ್ರೂ ಒಳಗೆ ಹೋದ್ರೆ ಅತಿಕ್ರಮ ಪ್ರವೇಶ, ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 329, ಬಿಚ್ಚೋವಾಗ ಏನಾದ್ರೂ ಒಡೆದ್ರೆ ಅದಕ್ಕೆ ಸೆಕ್ಷನ್ 324 ಬೇರೆ. ಇವತ್ತು ಸಾಲಗಾರ ಅವ್ರು, ಸ್ಕ್ರೂಡ್ರೈವರ್ ಹಿಡ್ಕೊಂಡು ಹೋದ ದಿನ ಆರೋಪಿ ನೀವು. ಆಮೇಲೆ ಕೇಸ್ ವಾಪಸ್ ತಗೊಳ್ತೀನಿ ಬಾಕಿ ಬಿಟ್ಬಿಡು ಅನ್ನೋ ಮಾತು ಬರುತ್ತೆ, ಹೀಗೆ ಕೈಯಲ್ಲಿದ್ದ ಒಳ್ಳೆ ಕೇಸ್ ಕಳ್ಕೊಂಡಿರೋ ಕೆಲಸಗಾರರು ಬೇಕಾದಷ್ಟು ಜನ ಇದ್ದಾರೆ.

ಇಲ್ಲೊಂದು ವ್ಯತ್ಯಾಸ ಇದೆ, ನಿಮ್ಮ ಕಸುಬಿನೋರು ತಿಳ್ಕೊಂಡಿರ್ಬೇಕು. ಯಾರಾದ್ರೂ ಹಳೇ ಸೋಫಾನೋ ಮಂಚಾನೋ ರಿಪೇರಿಗೆ ಅಂತ ನಿಮ್ಮ ಅಂಗಡಿಗೆ ತಂದು ಬಿಟ್ಟಿದ್ರೆ, ಕೂಲಿ ಕೊಡೋವರ್ಗೂ ಅದನ್ನ ನಿಮ್ಮ ಹತ್ರನೇ ಇಟ್ಕೊಳ್ಳೋ ಹಕ್ಕು ಕಾನೂನಲ್ಲೇ ಇದೆ, 1872ರ ಕಾಂಟ್ರಾಕ್ಟ್ ಆಕ್ಟ್ ಸೆಕ್ಷನ್ 170. ಬೇರೆ ಮಾತೇನೂ ಆಗಿಲ್ಲದೆ ಇದ್ರೆ, ಆ ವಸ್ತುವಿನ ಮೇಲೆ ನೀವು ಮಾಡಿದ ಕೆಲ್ಸದ ಕೂಲಿಗೆ ಮಾತ್ರ ಅದು ಅನ್ವಯ, ಹೋದ ವರ್ಷದ ಬಾಕಿಗೆ ಅಲ್ಲ. ವಸ್ತು ನಿಮ್ಮ ಜಾಗದಲ್ಲಿ ಇರೋವರ್ಗೂ ಈ ಹಕ್ಕು, ವಾಪಸ್ ಕೊಟ್ಟ ಮೇಲೆ ಹೋಯ್ತು.

ಸ್ಟೇಷನ್ ವಿಷ್ಯಕ್ಕೆ ಬಂದ್ರೆ, ಬಾಕಿ ವಸೂಲಿ ಮಾಡಿ ಕೊಡೋದು ಪೊಲೀಸರ ಕೆಲ್ಸ ಅಲ್ಲ, ಸಿವಿಲ್ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಬಳೀಬೇಡಿ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಮೋಸ ಅಂತ ಕೇಸ್ ನಿಲ್ಬೇಕಾದ್ರೆ ಶುರುವಿನಲ್ಲೇ ಕೊಡಬಾರ್ದು ಅನ್ನೋ ಉದ್ದೇಶ ಇತ್ತು ಅಂತ ತೋರಿಸ್ಬೇಕು, 3.40 ಲಕ್ಷ ಕೊಟ್ಟಿರೋ ಮನುಷ್ಯನ ಮೇಲೆ ಅದನ್ನ ತೋರ್ಸೋದು ಹೇಗೆ? ಸ್ಟೇಷನ್‌ನೋರು ಅರ್ಜಿ ತಗೊಂಡು ಇಬ್ರನ್ನೂ ಕರೆಸಿ ಮಾತಾಡಿಸ್ಬಹುದು, ಕೆಲವು ಕಡೆ ಅಷ್ಟಕ್ಕೇ ಬಗೆಹರಿಯೋದೂ ಉಂಟು, ಆದ್ರೆ ಅದ್ರ ಮೇಲೆ ಭರವಸೆ ಇಟ್ಕೋಬೇಡಿ. ನಿಮ್ಮನ್ನ ಹೊಡೆದ್ರೆ, ಬೆದರಿಕೆ ಹಾಕಿದ್ರೆ, ನಿಮ್ಮ ಡ್ರಿಲ್ ಮಷೀನು ಕಟರು ಅವ್ರ ಮನೇಲೇ ಇಟ್ಕೊಂಡು ಕೊಡಲ್ಲ ಅಂದ್ರೆ ಅದು ಬೇರೆ ವಿಷ್ಯ, ಆಗ ಧಾರಾಳವಾಗಿ ಹೋಗಿ. ಇನ್ನೊಂದು, ಅವ್ರ ಮನೆ ಫೋಟೋ ಹಾಕಿ ಇವನು ಮೋಸಗಾರ ಅಂತ ಸ್ಟೇಟಸ್ ಹಾಕೋದು, ಬಡಾವಣೆ ಗ್ರೂಪಲ್ಲಿ ಬಿಡೋದು, ಇದೂ ಬೇಡ, ಮಾನನಷ್ಟಕ್ಕೆ ದಾರಿ ಆಗುತ್ತೆ.

ಸರಿ, ಈಗ ದುಡ್ಡಿನ ವಿಷ್ಯ. ನೀವು 1.42 ಲಕ್ಷ, 1.42 ಲಕ್ಷ ಅಂತ ಒಂದೇ ಗಂಟು ಮಾಡಿ ಕೇಳ್ತಿದ್ದೀರಿ, ಅವ್ರು ಅದ್ರಲ್ಲಿ ಒಂದು ಎಳೆ ಹಿಡಿದು ಪೂರ್ತಿ ಗಂಟೇ ತಡೆದು ನಿಲ್ಸಿದ್ದಾರೆ. ನನ್ನ ಪ್ರಕಾರ ನಿಮ್ಮ ಜಗಳ ಇಲ್ಲಿಗೆ ಬಂದು ನಿಂತಿರೋದೇ ಇದ್ರಿಂದ. ಕೂತ್ಕೊಂಡು ಬಿಡಿಸಿ ನೋಡಿ. ಕೊಟೇಶನ್ 4.20, ಬಂದಿದ್ದು 3.40, ಅಂದ್ರೆ ಒಪ್ಪಿದ ಕೆಲ್ಸದ್ದೇ 80 ಸಾವಿರ ಬಾಕಿ, ಇದ್ರಲ್ಲಿ ವಾದ ಮಾಡೋಕೆ ಅವ್ರಿಗೆ ಜಾಗ ಕಮ್ಮಿ. ಎಕ್ಸ್‌ಟ್ರಾದಲ್ಲಿ ದೇವರ ಮನೆ 24 ಮತ್ತೆ ಲಾಫ್ಟ್ 21, ಒಟ್ಟು 45 ಸಾವಿರ, ಇವೆರಡಕ್ಕೂ ವಾಟ್ಸಾಪಲ್ಲಿ ಮಾತು ನಡೆದಿರುತ್ತೆ ಅನ್ಕೊಂಡಿದ್ದೀನಿ, ಹುಡುಕಿ. ಟಿವಿ ಯೂನಿಟ್ 17 ಸಾವಿರ ಬರೀ ಬಾಯಿಮಾತು ಅನ್ಸುತ್ತೆ, ಅದು ಬೇರೆ ಲೆಕ್ಕ. ಅಂದ್ರೆ ಗಟ್ಟಿ ದುಡ್ಡು 1.25 ಲಕ್ಷ, ವಾದದ ದುಡ್ಡು 17 ಸಾವಿರ, ಇದ್ರ ಮೇಲೆ ಹುಡುಗನ 15 ಸಾವಿರದ ಗೊಂದಲ.

ವಾಟ್ಸಾಪ್ ಹುಡುಕೋವಾಗ ಏನು ನೋಡ್ಬೇಕು ಅಂದ್ರೆ, ನೀವು ರೇಟ್ ಹಾಕಿ ಕಳ್ಸಿದ್ದಕ್ಕೆ ಅವ್ರು ಕೊಟ್ಟ ಉತ್ತರ. "ಓಕೆ ಮಾಡಿ", "ಸರಿ ಬೇಗ ಮುಗ್ಸಿ", ಇಲ್ಲಾ ಹೆಬ್ಬೆಟ್ಟಿನ ಚಿತ್ರ, ಇಲ್ಲಾ ಅವ್ರ ಮನೆಯೋರು ದೇವರ ಮನೆ ಡಿಸೈನ್ ಫೋಟೋ ಕಳ್ಸಿ "ಇದೇ ತರ ಬೇಕು" ಅಂದಿರೋದು, ಇವೆಲ್ಲಾ ಬೆಲೆಬಾಳೋ ಮೆಸೇಜು. ಬರೀ ಎರಡು ನೀಲಿ ಟಿಕ್ ಇದ್ರೆ ಓದಿದ್ದಾರೆ ಅಂತಾಯ್ತು, ಒಪ್ಪಿದ್ದಾರೆ ಅಂತಾಗಲ್ಲ. ಆ ಚಾಟ್ ಡಿಲೀಟ್ ಆಗೋ ಸೆಟ್ಟಿಂಗ್ ಆನ್ ಇದ್ರೆ ಈಗ್ಲೇ ಆಫ್ ಮಾಡಿ, ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಮಾಡಿ ಮೇಲ್‌ಗೆ ಹಾಕ್ಕೊಳ್ಳಿ, ಮತ್ತೆ ಮುಖ್ಯವಾಗಿ ಆ ಫೋನನ್ನ ಎಕ್ಸ್‌ಚೇಂಜಿಗೆ ಕೊಡ್ಬೇಡಿ. ಕೋರ್ಟಲ್ಲಿ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಗೇ ನಡೆಯಲ್ಲ, 2024ರ ಜುಲೈ 1ರಿಂದ ಬಂದಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್ ಜೊತೆಗೆ ಹಾಕ್ಬೇಕು, ಒಂದು ಭಾಗ ನೀವು ಸಹಿ ಮಾಡೋದು, ಇನ್ನೊಂದು ಭಾಗ ತಜ್ಞರು ಸಹಿ ಮಾಡೋದು, ಅದನ್ನ ವಕೀಲರು ಮಾಡಿಸ್ಕೊಡ್ತಾರೆ. ಫೋನ್‌ಪೇ ದುಡ್ಡಿಗೆ ಸ್ಕ್ರೀನ್‌ಶಾಟ್ ಬದ್ಲು ಬ್ಯಾಂಕ್ ಸ್ಟೇಟ್‌ಮೆಂಟ್ ತಗೊಳ್ಳಿ.

ಲಾಫ್ಟ್ ಅಳತೆ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇಂಥ ಜಗಳಗಳಲ್ಲಿ ಅರ್ಧಕ್ಕರ್ಧ ಟೇಪಿಂದಲೇ ಹುಟ್ಟೋದು. 21 ಸಾವಿರ ಅಂದ್ರೆ ಬಹುಶಃ ನೀವು 15 ಅಡಿ ಉದ್ದ, 2 ಅಡಿ ಎತ್ತರ, 30 ಚದರಡಿ, ಚದರಡಿಗೆ 700 ರೂಪಾಯಿ ಹಾಕಿರ್ತೀರಿ. ಗೋಡೆಯಿಂದ ಗೋಡೆಗೆ ಹಿಡಿದು ಫ್ರೇಮು ಪಟ್ಟಿ ಎಲ್ಲಾ ಸೇರಿಸಿ ಅಳೆಯೋದು ಕಾರ್ಪೆಂಟರ್ ಪದ್ಧತಿ. ಮನೆಯೋರು ಏನ್ಮಾಡ್ತಾರೆ, ಯಾರೋ ಪರಿಚಯದೋರ್ನ ಕರ್ಕೊಂಡ್ಬಂದು ಶಟರ್ ಅಷ್ಟನ್ನೇ ಅಳೀತಾರೆ, 14 ಅಡಿ 3 ಇಂಚು, 1 ಅಡಿ 9 ಇಂಚು ಬಂತು ಅನ್ಕೊಳ್ಳಿ, 25 ಚದರಡಿಗೂ ಚೂರು ಕಮ್ಮಿ, ಲೆಕ್ಕ ಹಾಕಿದ್ರೆ ಹದಿನೇಳೂವರೆ ಸಾವಿರದ ಹತ್ರ. ವ್ಯತ್ಯಾಸ ಮೂರೂವರೆ ಸಾವಿರ. ಅಷ್ಟೇ ವಿಷ್ಯ, ಆದ್ರೆ ಅವ್ರ ತಲೇಲಿ ಇವನು ಅಳತೆಯಲ್ಲೇ ಮೋಸ ಮಾಡಿದಾನೆ ಅಂತ ಕೂತ್ಬಿಡುತ್ತೆ, ಆಮೇಲೆ ಅಡುಗೆಮನೆ ಅಳತೆ ಮೇಲೂ ಅನುಮಾನ, ಪ್ಲೈವುಡ್ ಮೇಲೂ ಅನುಮಾನ. ಕೊಟೇಶನಲ್ಲಿ "ಹೊರಗಿನ ಅಳತೆ" ಅಂತ ಒಂದು ಮಾತು ಇದ್ದಿದ್ರೆ ಇದು ಹುಟ್ಟುತ್ತಲೇ ಇರ್ಲಿಲ್ಲ. ನಿಮ್ಮ ಕೊಟೇಶನಲ್ಲಿ ವಾರ್ಡ್‌ರೋಬನ್ನ ಯಾವ ಲೆಕ್ಕದಲ್ಲಿ ಅಳೆದಿದ್ರಿ ನೋಡಿ, ಅದೇ ಪದ್ಧತಿ ಲಾಫ್ಟ್‌ಗೂ ಹಾಕಿದ್ರೆ ನಿಮ್ಮ ವಾದ ಗಟ್ಟಿ, ಅಲ್ಲಿ ಒಂದು ಇಲ್ಲಿ ಒಂದು ಹಾಕಿದ್ರೆ ಮೂರೂವರೆ ಸಾವಿರ ಬಿಟ್ಟುಕೊಡಿ, ಅದಕ್ಕಾಗಿ ಉಳಿದ ದುಡ್ಡು ನಿಲ್ಸೋದು ಬೇಡ.

ಪ್ಲೈವುಡ್ ಅಂದಾಗ ನೆನಪಾಯ್ತು, ಕೊಟೇಶನಲ್ಲಿ ವಾಟರ್‌ಪ್ರೂಫ್ 710 ಅಂತ ಬರ್ದು ಸಿಂಕ್ ಕೆಳಗೆ ಮಾತ್ರ ಅದನ್ನ ಹಾಕಿ ಉಳಿದ ಕಡೆ 303 ಶೀಟ್ (ಅದಕ್ಕಿಂತ ಕಮ್ಮಿ ಗ್ರೇಡ್) ಹಾಕಿರೋ ಕೇಸ್ ಏನಾದ್ರೂ ನಿಮ್ದಾಗಿದ್ರೆ (ಹಾಗಲ್ಲ ಅನ್ಕೊಂಡಿದ್ದೀನಿ) ಮುಂದಿನದೆಲ್ಲಾ ಓದೋಕೆ ಮುಂಚೆ ಅದನ್ನ ಸರಿ ಮಾಡ್ಕೊಳ್ಳಿ. ಶೀಟ್ ಮೇಲೆ ಐಎಸ್ ನಂಬರ್ ಸೀಲ್ ಇರುತ್ತೆ, ಮನೆಯೋರು ಗ್ರಾಹಕರ ಆಯೋಗಕ್ಕೆ ಹೋದ್ರೆ ಮೊದ್ಲು ನೋಡೋದೇ ಅದು. ಅಂಗಡಿ ಬಿಲ್ ಇಟ್ಕೊಂಡಿದ್ರೆ ನಿಮಗೆ ಭಯ ಇಲ್ಲ.

ಟಿವಿ ಯೂನಿಟ್ಟಿಗೆ ಬರೋಣ. ಬಾಯಿಮಾತಿಗೆ ಕಾನೂನಲ್ಲಿ ಬೆಲೆ ಇಲ್ಲ ಅಂತ ಜನ ತಿಳ್ಕೊಂಡಿದ್ದಾರೆ, ತಪ್ಪು. ಬಾಯಲ್ಲಿ ಆದ ಒಪ್ಪಂದಾನೂ ಒಪ್ಪಂದಾನೇ, ತೋರ್ಸೋದು ಕಷ್ಟ ಅಷ್ಟೇ. ಅದ್ರ ಜೊತೆ ಕಾಂಟ್ರಾಕ್ಟ್ ಆಕ್ಟಲ್ಲಿ ಸೆಕ್ಷನ್ 70 ಅಂತ ಒಂದಿದೆ: ಒಬ್ರು ಪುಕ್ಕಟೆ ಮಾಡೋ ಉದ್ದೇಶ ಇಲ್ಲದೆ ಇನ್ನೊಬ್ರಿಗೆ ನ್ಯಾಯವಾಗಿ ಒಂದು ಕೆಲ್ಸ ಮಾಡಿಕೊಟ್ಟಿದ್ದಾರೆ, ಆ ಇನ್ನೊಬ್ರು ಅದ್ರ ಉಪಯೋಗ ಪಡೀತಿದ್ದಾರೆ, ಹಾಗಿದ್ರೆ ಪರಿಹಾರ ಕೊಡ್ಲೇಬೇಕು. ದೊಡ್ಡ ಯೂನಿಟ್ಟಲ್ಲಿ ಟಿವಿ ಇಟ್ಕೊಂಡು ದಿನಾ ನೋಡ್ತಾ, ನಾನು ಹೇಳೇ ಇಲ್ಲ ಅಂದ್ರೆ ನಡೆಯಲ್ಲ. ಆದ್ರೆ ಸೆಕ್ಷನ್ 70ರಲ್ಲಿ ಸಿಗೋದು ನೀವು ಹೇಳಿದ ರೇಟೇ ಅಂತಲ್ಲ, ಆ ಕೆಲ್ಸಕ್ಕೆ ನ್ಯಾಯವಾಗಿ ಎಷ್ಟೋ ಅಷ್ಟು. ಮೊದ್ಲಿನ ಸಣ್ಣ ಯೂನಿಟ್ ಬಿಚ್ಚಿದ ಪ್ಲೈ ನೀವು ವಾಪಸ್ ತಗೊಂಡು ಹೋಗಿದ್ರೆ ಅದನ್ನ ಕಳೀಬೇಕಾಗುತ್ತೆ. ಮೊದ್ಲಿನ ಯೂನಿಟ್ ನಿಂತಿದ್ದ ಫೋಟೋ ಒಂದು, ಈಗಿನದು ಒಂದು ಇದ್ರೆ ತುಂಬಾ ಅನುಕೂಲ, ನಿಮ್ಮ ಹುಡುಗ್ರು ಯಾರಾದ್ರೂ ಸೆಲ್ಫಿ ತಗೊಂಡಿರ್ತಾರೆ, ಹಿಂದುಗಡೆ ಏನು ಕಾಣುತ್ತೆ ನೋಡಿ, ತಮಾಷೆ ಅಲ್ಲ.

ಈಗ ಆ 15 ಸಾವಿರ. ನೀವು ಪ್ರಶ್ನೆಯಲ್ಲಿ ಇದನ್ನ ಅವ್ರ ಸುಳ್ಳು ಅನ್ನೋ ಧಾಟೀಲಿ ಬರ್ದಿದ್ದೀರಿ, ಆದ್ರೆ ಹುಡುಗನ್ನ ಕೇಳಿದ್ದೀನಿ ಅಂತ ಎಲ್ಲೂ ಬರ್ದಿಲ್ಲ. ಬೇರೆ ಯಾವ್ದೇ ಕೆಲ್ಸಕ್ಕಿಂತ ಮೊದ್ಲು ಅವನನ್ನ ಒಬ್ಬನೇ ಕೂರ್ಸಿ, ಗದರದೆ ಕೇಳಿ. ಹಬ್ಬಕ್ಕೆ ಊರಿಗೆ ಹೋಗ್ಬೇಕು ಅಂತ ಮನೆಯೋರ ಹತ್ರ ಇಸ್ಕೊಂಡಿರ್ಬಹುದು, ಮೊಳೆ, ಫೆವಿಕಾಲ್, ಡ್ರಾಯರ್ ಚಾನೆಲ್ ತರೋಕೆ ಅಂತ ಕೊಟ್ಟಿರ್ಬಹುದು, ಗೃಹಪ್ರವೇಶದ ದಿನ ಖುಷಿಗೆ ಅಂತಾನೂ ಕೊಟ್ಟಿರ್ಬಹುದು. ಇವು ಮೂರೂ ಬೇರೆ ಬೇರೆ. ಖುಷಿಗೆ ಕೊಟ್ಟಿದ್ದು ಬಾಕಿಯಲ್ಲಿ ಕಳೆಯೋ ಹಾಗಿಲ್ಲ. ಸಾಮಾನಿಗೆ ಅಂತ ಕೊಟ್ಟು ಅದು ನಿಮ್ಮ ಕೊಟೇಶನ್ ಒಳಗಿನ ಸಾಮಾನೇ ಆಗಿದ್ರೆ ಕಳೀಬೇಕು. ಅಡ್ವಾನ್ಸ್ ಅಂತ ತಗೊಂಡಿದ್ರೆ, ದಿನಾ ಆ ಮನೇಲಿ ನಿಮ್ಮ ಪರವಾಗಿ ಕೀ ತಗೊಂಡು ಕೆಲ್ಸ ನೋಡ್ಕೋತಿದ್ದೋನು ಅವನೇ ಅನ್ನೋದಾದ್ರೆ, ನಿಮಗೇ ಕೊಟ್ಟಂಗೆ ಅನ್ನೋ ಅವ್ರ ಮಾತಿಗೆ ತೂಕ ಇದೆ. ಅವನು ತಗೊಂಡಿದ್ದೀನಿ ಅಂದ್ರೆ ನೀವೇ ಮೊದ್ಲು ಒಪ್ಕೊಂಡು ಕಳೆದ್ಬಿಡಿ, ಮಾತುಕತೆಯಲ್ಲಿ ಇದೊಂದು ನೀವು ಒಪ್ಪಿದ್ರೆ ಉಳಿದಿದ್ದನ್ನ ಅವ್ರು ನಂಬ್ತಾರೆ. ಆಗ ಗಟ್ಟಿ ದುಡ್ಡು 1.10 ಲಕ್ಷ. ಕ್ಯಾಶ್ ತಗೊಂಡ 1 ಲಕ್ಷಕ್ಕೆ ರಸೀದಿ ಕೊಟ್ಟಿಲ್ಲ ತಾನೇ? ಅದನ್ನೂ ಲೆಕ್ಕದ ಹಾಳೇಲಿ ತಾರೀಖು ಸಮೇತ ನೀವೇ ಬರೀರಿ. (ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ಇಸ್ಕೊಳ್ಳೋದು ಇನ್‌ಕಮ್ ಟ್ಯಾಕ್ಸ್ ಕಾನೂನಿಗೆ ವಿರುದ್ಧ, ಕಂತು ಮಾಡಿ ಇಸ್ಕೊಂಡ್ರೂ ಅಷ್ಟೇ, ನಿಮ್ದು ಅದಕ್ಕಿಂತ ಕಮ್ಮಿ ಇದೆ, ಸರಿ.)

ಶಟರ್ ಸೊಟ್ಟ ಅಂದಿದ್ದು ನಿಜ ಇರುತ್ತೆ. ಹೊಸ ಮನೆ, ಸಾಮಾನು ತುಂಬಿದ ಮೇಲೆ ಬಾಕ್ಸ್ ಸ್ವಲ್ಪ ಕೂರುತ್ತೆ, ಶಟರ್ ಇಳಿಯುತ್ತೆ, ಎರಡು ಬಾಗಿಲ ಮಧ್ಯೆ ಗ್ಯಾಪ್ ಮೇಲೆ ಒಂದು ತರ ಕೆಳಗೆ ಒಂದು ತರ ಬರುತ್ತೆ. ನಿಮಗೆ ಇದು ಹಿಂಜ್ ಸ್ಕ್ರೂ ಎರಡು ಸುತ್ತು ತಿರುಗಿಸೋ ಕೆಲ್ಸ, ಅಡುಗೆಮನೆ ಪೂರ್ತಿ ಒಂದು ಬೆಳಗ್ಗೆಗೆ ಮುಗಿಯುತ್ತೆ, ಆದ್ರೆ ಅವ್ರಿಗೆ ಅದು ನಾಲ್ಕು ಲಕ್ಷ ಸುರಿದ ಮನೇಲಿ ದಿನಾ ಕಣ್ಣಿಗೆ ಹೊಡೆಯೋ ಸೊಟ್ಟ ಗೆರೆ. ದುಡ್ಡು ಕೊಟ್ರೆ ಬಂದು ಸರಿ ಮಾಡ್ತೀನಿ ಅಂತ ನೀವು ಹೇಳಿರ್ತೀರಿ, ಸರಿ ಮಾಡಿದ್ರೆ ಕೊಡ್ತೀನಿ ಅಂತ ಅವ್ರು. ಇಲ್ಲಿ ನೀವು ಒಂದು ಹೆಜ್ಜೆ ಮುಂದಿಡಿ ಅಂತ ನನ್ನ ಸಲಹೆ, ಅವ್ರು ದೊಡ್ಡೋರು ಅಂತಲ್ಲ, ಆ ಅರ್ಧ ದಿನದ ಕೆಲ್ಸ ಮಾಡ್ಬಿಟ್ರೆ ಅವ್ರ ಕೈಲಿರೋ ಅತಿ ಒಳ್ಳೆ ವಾದ ಹೋಗುತ್ತೆ. ಬಾಕಿ ಹಿಡಿದಿಟ್ಕೊಳ್ಳೋ ಮನೆಯೋರೆಲ್ಲಾ ಕಳ್ಳರಲ್ಲ ಅಣ್ಣ, ಪೂರ್ತಿ ಕೊಟ್ಬಿಟ್ರೆ ಮೇಸ್ತ್ರಿ ಆಮೇಲೆ ಫೋನ್ ಎತ್ತಲ್ಲ ಅನ್ನೋ ಭಯ ಇರುತ್ತೆ, ಆ ಭಯಕ್ಕೆ ಕಾರಣಾನೂ ಇದೆ ಬಿಡಿ. ಒಳಗೆ ಬಿಡಲ್ಲ ಅಂದ್ರೆ, "ಇಂಥ ದಿನ ಬಂದು ಶಟರ್ ಸರಿ ಮಾಡೋಕೆ ರೆಡಿ ಇದ್ದೆ, ನೀವು ಬೇಡ ಅಂದ್ರಿ" ಅಂತ ಒಂದು ಕಾಗದದಲ್ಲಿ ಬರ್ದು ಕಳ್ಸಿ, ಅದೂ ಮುಂದೆ ನಿಮ್ಮ ಪರ ಸಾಕ್ಷಿ.

ಕಲರ್ ವಿಷ್ಯ ಬೇರೆ. ಒಂದೇ ಕೋಡ್ ನಂಬರ್ ಆದ್ರೂ ಬೇರೆ ಬ್ಯಾಚ್ ಶೀಟ್ ಬಂದ್ರೆ ಶೇಡ್ ಆಚೀಚೆ ಆಗುತ್ತೆ, ಮಧ್ಯದಲ್ಲಿ ಶೀಟ್ ಸಾಲದೆ ಮತ್ತೆ ತರ್ಸಿರ್ತೀರಿ, ಆಗಿರೋದು ಅದೇ ಇರ್ಬೇಕು. ಎಷ್ಟು ಶಟರ್ ಅಂತ ನೋಡಿ. ಎರಡು ಮೂರು ಶಟರ್ ಅಷ್ಟೇ ಆದ್ರೆ ಬದಲಾಯಿಸಿ ಕೊಡಿ, ಇಲ್ಲಾ ಅದ್ರ ಖರ್ಚು ಕಳೀರಿ. ಕೋಡೇ ಬೇರೆ ಹಾಕಿದ್ರೆ ಅದು ನಿಮ್ಮ ತಪ್ಪು, ವಾದ ಬೇಡ. ಅವ್ರೇ ಅಂಗಡಿಗೆ ಬಂದು ಶೀಟ್ ಆರಿಸಿ ಹೋಗಿದ್ರೆ ಬಿಲ್ಲಲ್ಲಿರೋ ಕೋಡ್ ತೋರ್ಸಿ. ಏನೇ ಆದ್ರೂ ಎರಡು ಶಟರ್ ಬಣ್ಣಕ್ಕೆ ಒಂದೂಕಾಲು ಲಕ್ಷ ನಿಲ್ಸೋಕೆ ಯಾವ ನ್ಯಾಯಾನೂ ಒಪ್ಪಲ್ಲ, ಸರಿ ಮಾಡಿಸೋಕೆ ಎಷ್ಟೋ ಅಷ್ಟು ಹಿಡೀಬಹುದು.

ಲೇಟ್ ಮಾಡಿದ್ದೀಯ ಅನ್ನೋದಕ್ಕೆ ಅದೇ ಕಾಂಟ್ರಾಕ್ಟ್ ಆಕ್ಟಿನ ಸೆಕ್ಷನ್ 55 ನೆನಪಿಟ್ಕೊಳ್ಳಿ. ಹೇಳಿದ ದಿನಕ್ಕೆ ಮುಗಿಸ್ಲೇಬೇಕು ಅನ್ನೋ ಒಪ್ಪಂದ ಇದ್ದಾಗ್ಲೂ, ತಡವಾಗಿ ಆದ ಕೆಲ್ಸವನ್ನ ಒಪ್ಕೊಂಡು ತಗೊಳ್ಳೋ ಸಮಯದಲ್ಲೇ "ತಡ ಆಗಿದ್ದಕ್ಕೆ ನಷ್ಟ ಕೇಳ್ತೀನಿ" ಅಂತ ತಿಳಿಸಿರ್ಬೇಕು, ಸುಮ್ನೆ ತಗೊಂಡು ಗೃಹಪ್ರವೇಶ ಮಾಡಿ ಎರಡು ತಿಂಗಳಾದ ಮೇಲೆ ಬಾಕಿ ಕೇಳಿದಾಗ ತಡದ ನಷ್ಟ ತೆಗೆಯೋಕೆ ಆಗಲ್ಲ. ತಡಕ್ಕೆ ಅವ್ರ ಕಡೆಯಿಂದಲೂ ಕಾರಣ ಇದ್ರೆ (ಟೈಲ್ಸ್ ಮುಗಿದಿರ್ಲಿಲ್ಲ, ಕರೆಂಟ್ ಪಾಯಿಂಟ್ ಆಗಿರ್ಲಿಲ್ಲ, ಲ್ಯಾಮಿನೇಟ್ ಆರಿಸೋಕೇ ಎರಡು ವಾರ ತಗೊಂಡ್ರು, ಹೀಗೆ) ತಾರೀಖು ಹಾಕಿ ಬರ್ದಿಟ್ಕೊಳ್ಳಿ.

ಇಷ್ಟೆಲ್ಲಾ ಒಂದು ಹಾಳೆಗೆ ಬಂದ ಮೇಲೆ ನಿಮ್ಮನ್ನ ಆ ಮನೆಗೆ ಕಳ್ಸಿದ ಎಂಜಿನಿಯರ್ ಹತ್ರ ಹೋಗಿ. ನಂಬರ್ ಬ್ಲಾಕ್ ಆಗಿದೆ ಅಂತ ಬೇರೆ ಬೇರೆ ನಂಬರಿಂದ ಫೋನ್ ಮಾಡೋದು, ಅವ್ರ ಆಫೀಸಿಗೆ ಹೋಗಿ ನಿಲ್ಲೋದು ಬೇಡ. ಎಂಜಿನಿಯರಿಗೆ ಎರಡೂ ಕಡೆ ಮುಖ ಇದೆ, ಅಳತೆ ಗೊತ್ತು, ಮುಂದಿನ ಕೆಲ್ಸಕ್ಕೆ ನಿಮ್ಮಿಬ್ರೂ ಬೇಕು. ಅವ್ರ ಮುಂದೆ, ಆ ಮನೇಲೇ, ಭಾನುವಾರ ಬೆಳಗ್ಗೆ ಸೇರ್ಕೊಳ್ಳಿ. ಹೋಗೋವಾಗ ಟೂಲ್ ಬ್ಯಾಗ್ ತಗೊಂಡು ಹೋಗಿ, ಇದು ಬಹಳ ಮುಖ್ಯ, ಮಾತು ಶುರುವಾಗೋಕೆ ಮುಂಚೆ "ಮೇಡಂ ಯಾವ ಶಟರ್ ತೋರ್ಸಿ" ಅಂತ ಹೇಳಿ ಒಂದೆರಡು ಸರಿ ಮಾಡಿ. ಆಮೇಲೆ ಟೇಪನ್ನ ಎಂಜಿನಿಯರ್ ಕೈಗೆ ಕೊಡಿ, ನೀವು ಹಿಡೀಬೇಡಿ, ಮನೆಯೋರು ಪಕ್ಕದಲ್ಲಿ ನಿಂತು ಬರ್ಕೊಳ್ಳಲಿ. ಲೆಕ್ಕ ಅಲ್ಲೇ ಮುಗಿದ್ರೆ ಎರಡು ಪ್ರತಿ ಬರ್ದು ಇಬ್ರೂ ಸಹಿ ಹಾಕಿ, ಎಂಜಿನಿಯರ್ ಸಾಕ್ಷಿ ಹಾಕ್ಲಿ. ನಾನಾಗಿದ್ರೆ ಹೀಗೆ ಕೇಳ್ತಿದ್ದೆ: ಒಪ್ಪಿದ ಬಾಕಿಯಲ್ಲಿ 1 ಲಕ್ಷ ಈ ವಾರ ಕೊಡಿ, ಶೇಡ್ ಬದಲಾದ ಶಟರ್ ಹಾಕಿ ಮುಗಿಸೋವರ್ಗೂ ಉಳಿದಿದ್ದು ನಿಮ್ಮ ಹತ್ರನೇ ಇರ್ಲಿ. ಅವ್ರ ಭಯಕ್ಕೂ ಉತ್ತರ ಸಿಕ್ತು, ನಿಮ್ಮ ಪ್ಲೈವುಡ್ ಅಂಗಡಿಗೂ ದುಡ್ಡಾಯ್ತು. ಟಿವಿ ಯೂನಿಟ್ 17 ಸಾವಿರದಲ್ಲಿ ಎಷ್ಟು ಬಿಡ್ತೀರಿ ಅನ್ನೋದು ಮನೆಯಿಂದ ಹೊರಡೋಕೆ ಮುಂಚೆನೇ ನಿಮ್ಮ ಮನಸ್ಸಲ್ಲಿ ಇರ್ಲಿ, ಅಲ್ಲಿ ನಿಂತು ಯೋಚ್ನೆ ಮಾಡಿದ್ರೆ ಜಾಸ್ತಿ ಬಿಡ್ತೀರಿ ಇಲ್ಲಾ ಏನೂ ಬಿಡಲ್ಲ.

ಇದಕ್ಕೂ ಬಗ್ಗಲಿಲ್ಲ ಅಂದ್ರೆ ವಕೀಲರ ಕಡೆಯಿಂದ ನೋಟಿಸ್. ಅದ್ರಲ್ಲಿ ಕೋಪ ಬೇಡ, ಲೆಕ್ಕ ಇರ್ಲಿ, 15 ದಿನ ಟೈಮ್ ಕೊಡಿ, ಮತ್ತೆ ಬಡ್ಡಿ ಕೇಳ್ತೀನಿ ಅನ್ನೋ ಸಾಲು ಬಿಡ್ಬೇಡಿ, ಬರವಣಿಗೆಯಲ್ಲಿ ದುಡ್ಡು ಕೊಡೋ ದಿನ ಅಂತ ನಿಗದಿ ಆಗಿಲ್ಲದೆ ಇದ್ದಾಗ ನೋಟಿಸಲ್ಲಿ ಕೇಳಿದ ತಾರೀಖಿಂದ ಬಡ್ಡಿ ಕೊಡಿಸೋಕೆ ಕೋರ್ಟಿಗೆ 1978ರ ಇಂಟರೆಸ್ಟ್ ಆಕ್ಟ್ ಅವಕಾಶ ಕೊಡುತ್ತೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ, ಅದ್ರಿಂದ ಸ್ಪೀಡ್ ಪೋಸ್ಟಲ್ಲೇ ಕಳ್ಸಿ, ತಲುಪಿದ್ದಕ್ಕೆ ಪುರಾವೆ ಇಟ್ಕೊಳ್ಳಿ.

ನೋಟಿಸಿಗೂ ಉತ್ತರ ಇಲ್ಲ ಅಂದ್ರೆ ನೇರ ಕೇಸ್ ಹಾಕೋ ಮೊದ್ಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಜಿಲ್ಲಾ ಕೋರ್ಟ್ ಆವರಣದಲ್ಲಿ ವಿಚಾರಿಸಿದ್ರೆ ಹೇಳ್ತಾರೆ, ಇಲ್ಲಾ 15100ಕ್ಕೆ ಫೋನ್ ಮಾಡಿ. ಕೇಸ್ ದಾಖಲಾಗೋ ಮುಂಚೆನೇ ಲೋಕ ಅದಾಲತ್‌ಗೆ ಅರ್ಜಿ ಕೊಡ್ಬಹುದು, ಫೀಸ್ ಇಲ್ಲ, ಅವ್ರೇ ಎದುರು ಪಾರ್ಟಿಗೆ ನೋಟಿಸ್ ಕಳಿಸ್ತಾರೆ. ಕೋರ್ಟ್ ಸೀಲ್ ಇರೋ ಕಾಗದ ಮನೆಗೆ ಬಂದ್ರೆ ಬ್ಲಾಕ್ ಮಾಡಿದೋರೂ ಎದ್ದು ಬರ್ತಾರೆ. ಅಲ್ಲಿ ರಾಜಿ ಆದ್ರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಅಪೀಲ್ ಇಲ್ಲ. ಅವ್ರು ಬರ್ಲೇ ಇಲ್ಲ ಅಂದ್ರೆ, ಇಲ್ಲಾ ಒಪ್ಲಿಲ್ಲ ಅಂದ್ರೆ ಅದಾಲತ್ ತೀರ್ಪು ಕೊಡೋಕೆ ಆಗಲ್ಲ, ಅದು ಅದ್ರ ಮಿತಿ. ಆಮೇಲೆ ಉಳಿಯೋದು ಸಿವಿಲ್ ದಾವೆ. ದುಡ್ಡು ಕೊಡೋ ದಿನ ಅಂತ ನಿಗದಿ ಆಗಿಲ್ಲದ ಕೆಲ್ಸದ ಕೂಲಿಗೆ, ಕೆಲ್ಸ ಮುಗಿದ ದಿನದಿಂದ ಮೂರು ವರ್ಷದೊಳಗೆ ಹಾಕ್ಬೇಕು, ಲಿಮಿಟೇಶನ್ ಆಕ್ಟ್ ಹೇಳೋದು ಅದು. ಇವತ್ತು ನಾಳೆ ಅಂತ ಅವ್ರು ದೂಡ್ತಾ ಇದ್ರೆ ಆ ಮೂರು ವರ್ಷ ಸುಮ್ನೆ ಓಡುತ್ತೆ, ಬಾಯಲ್ಲಿ "ಕೊಡ್ತೀನಿ" ಅಂದಿದ್ದಕ್ಕೆ ಅದು ನಿಲ್ಲಲ್ಲ, ಅವಧಿ ಮುಗಿಯೋ ಮುಂಚೆ ಸಹಿ ಹಾಕಿ ಬಾಕಿ ಒಪ್ಕೊಂಡು ಬರ್ಕೊಟ್ರೆ ಹೊಸದಾಗಿ ಎಣಿಸ್ಬಹುದು.

ಗ್ರಾಹಕರ ಆಯೋಗಕ್ಕೆ ನೀವು ಹೋಗೋಕೆ ಆಗಲ್ಲ, ಅಲ್ಲಿ ಗ್ರಾಹಕ ಅವ್ರು. ಆದ್ರೆ ಅವ್ರು ನಿಮ್ಮ ಮೇಲೆ ಹೋಗ್ಬಹುದು, 2019ರ ಕಾನೂನಿನ ಪ್ರಕಾರ ಎರಡು ವರ್ಷದೊಳಗೆ, ಕೊಟ್ಟಿರೋ ದುಡ್ಡು 5 ಲಕ್ಷದೊಳಗೆ ಇರೋದ್ರಿಂದ ಅವ್ರಿಗೆ ಫೀಸೂ ಇಲ್ಲ. ಶಟರ್ ಸರಿ ಮಾಡಿ ಅಂತ ನಾನು ಅಷ್ಟು ಒತ್ತಿ ಹೇಳಿದ್ದು ಇದಕ್ಕೂ ಸೇರಿಸಿ. ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ದಿಮೆದಾರರ ಸರ್ಕಾರಿ ನೋಂದಣಿ) ಇದ್ರೆ ಎಂಎಸ್‌ಎಂಇ ಕಾನೂನಲ್ಲಿ 45 ದಿನದೊಳಗೆ ದುಡ್ಡು ಕೊಡ್ಬೇಕು ಅನ್ನೋ ನಿಯಮ, ಚಕ್ರಬಡ್ಡಿ ಎಲ್ಲಾ ಇದೆ ಅಂತ ಯಾರಾದ್ರೂ ಹೇಳ್ಬಹುದು, ಇದೆ ನಿಜ, ಆದ್ರೆ ಕೆಲ್ಸ ಒಪ್ಕೊಳ್ಳೋ ಮುಂಚೆನೇ ರಿಜಿಸ್ಟರ್ ಆಗಿರ್ಬೇಕಿತ್ತಾ ಅನ್ನೋದ್ರ ಮೇಲೂ, ಸಾಮಾನು ಕೂಲಿ ಎರಡೂ ಸೇರಿದ ಕಾಂಟ್ರಾಕ್ಟಿಗೆ ಅದು ಬರುತ್ತಾ ಅನ್ನೋದ್ರ ಮೇಲೂ ಕೋರ್ಟುಗಳಲ್ಲಿ ವಾದ ನಡೀತಾನೇ ಇದೆ. ಈ ಕೇಸಿಗೆ ಅದನ್ನ ನಂಬ್ಕೊಂಡು ಕೂರ್ಬೇಡಿ. ರಿಜಿಸ್ಟ್ರೇಶನ್ ಪುಕ್ಕಟೆ, ಮುಂದಕ್ಕೆ ಮಾಡಿಸ್ಕೊಳ್ಳಿ.

ರಾಜಿಯಲ್ಲಿ ಕಂತು ಅಂತ ಬಂದ್ರೆ ಚೆಕ್ ಇಸ್ಕೊಳ್ಳಿ, ತಾರೀಖು ಹಾಕಿಸಿ, ಖಾಲಿ ಚೆಕ್ ಬೇಡ. ಬೌನ್ಸ್ ಆದ್ರೆ ಬ್ಯಾಂಕಿಂದ ಮೆಮೊ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಅವ್ರಿಗೆ 15 ದಿನ, ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ಕೋರ್ಟಿಗೆ ದೂರು, ಈ ಲೆಕ್ಕ ತಪ್ಪಿದ್ರೆ ಚೆಕ್ ಬೌನ್ಸ್ ಕೇಸ್ (ಸೆಕ್ಷನ್ 138) ನಿಲ್ಸೋದು ಕಷ್ಟ. ಚೆಕ್ ಮೂರು ತಿಂಗಳಷ್ಟೇ ಚಾಲ್ತಿ ಅನ್ನೋದೂ ಗೊತ್ತಿರ್ಲಿ, ಬೀರುವಿನಲ್ಲಿ ಇಟ್ಟು ಮರೀಬೇಡಿ.

ಪ್ಲೈವುಡ್ ಅಂಗಡಿಯೋರಿಗೆ ಮನೆಯೋರು ಕೊಟ್ಟ ಮೇಲೆ ಕೊಡ್ತೀನಿ ಅನ್ನೋ ಮಾತು ಹೇಳ್ಬೇಡಿ, ಅವ್ರ ಲೆಕ್ಕದಲ್ಲಿ ಸಾಲಗಾರ ನೀವು, ಮನೆಯೋರಿಗೂ ಅವ್ರಿಗೂ ಸಂಬಂಧ ಇಲ್ಲ. ನಾಳೆನೇ ಹೋಗಿ ಕೈಲಾದಷ್ಟು ಹತ್ತೋ ಹದಿನೈದೋ ಸಾವಿರ ಕಟ್ಟಿ, ಉಳಿದಿದ್ದಕ್ಕೆ ತಾರೀಖು ಕೊಡಿ. ಹಾಗೇ ಆ ಮನೆ ಸಾಮಾನಿನ ಬಿಲ್ಲುಗಳ ಕಾಪಿ ಸೀಲ್ ಹಾಕಿಸಿ ಇಸ್ಕೊಂಡು ಬನ್ನಿ, ಪ್ಲೈವುಡ್ ಗ್ರೇಡು, ಲ್ಯಾಮಿನೇಟ್ ಕೋಡು, ಶೀಟ್ ತಂದ ತಾರೀಖು ಎಲ್ಲಾ ಅದ್ರಲ್ಲೇ ಇರುತ್ತೆ, ಭಾನುವಾರ ಆ ಮನೆಗೆ ಹೋಗೋವಾಗ ಬೇಕಾಗೋದು ಅದೇ ಕಾಗದ.